ಮರೆಗುಳಿ ಕಾಯಿಲೆ: ಕಾಸರಗೋಡಿನ ಮನೆಗಳಲ್ಲಿ ನೋಡಿಕೊಳ್ಳುವವರಿಗೆ ಸಿಗುವ ನೆರವು

ವಯಸ್ಸಾದವರು ಹೇಳಿದ್ದನ್ನೇ ಹೇಳತೊಡಗಿದರೆ, ಇಟ್ಟ ವಸ್ತುವನ್ನು ಮರೆತು ಮನೆಯವರ ಮೇಲೆ ಸಂಶಯಪಟ್ಟರೆ, ‘ಅರವತ್ತಕ್ಕೆ ಅರಳು ಮರಳು’ ಎಂದು ಹೇಳಿ ಸುಮ್ಮನಾಗುವುದು ನಮ್ಮ ಕಡೆಯ ವಾಡಿಕೆ. ಆ ಮಾತಿನಲ್ಲಿ ತಿರಸ್ಕಾರಕ್ಕಿಂತ ಸಹನೆಯೇ ಹೆಚ್ಚು ಇದ್ದಿರಬಹುದು, ಆದರೆ ಅದರಿಂದ ಆಗುವ ನಷ್ಟ ಸಣ್ಣದಲ್ಲ. 2023 ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಒಂದು ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ 60 ದಾಟಿದವರ ಪೈಕಿ ಶೇಕಡಾ 7.4 ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಡಿಮೆನ್ಶಿಯಾ ಎಂದು ವೈದ್ಯರು ಕರೆಯುವ ಈ ಮರೆಗುಳಿ ಕಾಯಿಲೆ ಇದೆ. ನೂರರಲ್ಲಿ ತೊಂಬತ್ತಕ್ಕಿಂತ ಹೆಚ್ಚು ಹಿರಿಯರಿಗೆ ಅದು ಇಲ್ಲ ಎಂದ ಮೇಲೆ ಅದನ್ನು ಮುಪ್ಪಿನ ಸಹಜ ಗುಣವೆನ್ನುವುದು ಸರಿಯಲ್ಲ. ಮುಪ್ಪೆಂದು ತಿಳಿದು ಕಳೆದುಹೋಗುವ ಮೊದಲ ಎರಡು ಮೂರು ವರ್ಷಗಳೇ ಹಿರಿಯರು ತಮ್ಮ ಇಷ್ಟವನ್ನು ತಾವೇ ಹೇಳಬಲ್ಲ, ತಮ್ಮ ಕಾಗದಪತ್ರಗಳಿಗೆ ತಿಳಿದು ಸಹಿ ಹಾಕಬಲ್ಲ ವರ್ಷಗಳು.

ಕಾಯಿಲೆಯ ಹೆಚ್ಚಿನ ಬಗೆಗಳು, ಅವುಗಳಲ್ಲಿ ಅತ್ಯಂತ ಸಾಮಾನ್ಯವಾದ ಅಲ್ಜೈಮರ್ ಸೇರಿದಂತೆ, ಗುಣವಾಗುವಂಥವಲ್ಲ. ಡೊನೆಪೆಜಿಲ್, ಮೆಮಾಂಟಿನ್ ಮುಂತಾದ ಮಾತ್ರೆಗಳು ಕೆಲವರಲ್ಲಿ ಕೆಲವು ಕಾಲ ಲಕ್ಷಣಗಳನ್ನು ಹಗುರಗೊಳಿಸುತ್ತವೆ. ಅದಕ್ಕಿಂತ ಹೆಚ್ಚಿನದನ್ನು ಅವುಗಳಿಂದ ನಿರೀಕ್ಷಿಸಬಾರದು. ಹಾಗಾಗಿ ‘ಇದಕ್ಕೆ ಮದ್ದಿಲ್ಲ’ ಎಂಬ ಮಾತು ಅರ್ಧ ನಿಜ. ಇಲ್ಲಿ ಮದ್ದಿಗಿಂತ ಹೆಚ್ಚು ಕೆಲಸ ಮಾಡುವುದು ನೋಡಿಕೊಳ್ಳುವವರ ದಿನಚರಿ, ಮತ್ತು ಆ ದಿನಚರಿ ಒಬ್ಬರ ಹೆಗಲ ಮೇಲೆಯೇ ಕೂರದಂತೆ ಮಾಡುವ ಏರ್ಪಾಡು. ಗೋವೆಯಲ್ಲಿ ನಡೆದು 2008 ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ವೈದ್ಯರಲ್ಲದ ಊರಿನವರಿಗೇ ತರಬೇತಿ ಕೊಟ್ಟು ಅವರನ್ನು ಇಂಥ ಮನೆಗಳಿಗೆ ಕಳಿಸಲಾಯಿತು. ಅವರು ಕಾಯಿಲೆಯ ಬಗ್ಗೆ ತಿಳಿಹೇಳಿದರು, ಕಷ್ಟದ ನಡವಳಿಕೆಯನ್ನು ನಿಭಾಯಿಸುವ ದಾರಿ ತೋರಿಸಿದರು, ಸರಕಾರದ ಸವಲತ್ತುಗಳಿಗೆ ಅರ್ಜಿ ಹಾಕಲು ಜೊತೆಗಿದ್ದರು. ಅಷ್ಟರಿಂದಲೇ ನೋಡಿಕೊಳ್ಳುವವರ ಮನಸ್ಸಿನ ಆರೋಗ್ಯ ಸುಧಾರಿಸಿತು. ಕಾಸರಗೋಡಿನಲ್ಲಿ ಈ ಮೂರೂ ಕೆಲಸಗಳನ್ನು ಮಾಡಬಲ್ಲವರು ಬೇರೆ ಬೇರೆ ಕಡೆ ಇದ್ದಾರೆ. ಅವರನ್ನು ಒಂದೆಡೆ ಸೇರಿಸಿಕೊಳ್ಳುವ ಹೊಣೆ ಮಾತ್ರ ಮನೆಯವರದೇ ಆಗಿಬಿಟ್ಟಿದೆ.

ಮೊದಲು ಬೇಕಾದದ್ದು ಒಂದು ನೋಟ್‌ಬುಕ್. ಬದಲಾವಣೆ ಎಂದು ಶುರುವಾಯಿತು, ನಿಧಾನವಾಗಿಯೋ ಇದ್ದಕ್ಕಿದ್ದಂತೆಯೋ, ಯಾವ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, ನಿದ್ರೆ ಹೇಗಿದೆ, ಬಿದ್ದದ್ದುಂಟೇ, ಅಡುಗೆ ಅಥವಾ ಲೆಕ್ಕದಂತಹ ರೂಢಿಯ ಕೆಲಸದಲ್ಲಿ ಏನು ತಪ್ಪುತ್ತಿದೆ ಎಂಬುದನ್ನು ಅದರಲ್ಲಿ ದಿನಾಂಕ ಹಾಕಿ ಬರೆದಿಡಬೇಕು. ಹತ್ತು ನಿಮಿಷದ ಭೇಟಿಯಲ್ಲಿ ವೈದ್ಯರಿಗೆ ಸ್ಕ್ಯಾನಿಂಗ್ ವರದಿಯಷ್ಟೇ ಉಪಯೋಗಕ್ಕೆ ಬರುವುದು ಈ ಪುಟಗಳು. ಥೈರಾಯ್ಡ್ ಕೊರತೆ, ಬಿ12 ಜೀವಸತ್ವದ ಕೊರತೆ, ಖಿನ್ನತೆ, ತಲೆಗೆ ಪೆಟ್ಟು ಬಿದ್ದು ಒಳಗೆ ನಿಧಾನವಾಗಿ ಕಟ್ಟಿಕೊಂಡ ರಕ್ತ, ಕೆಲವು ಔಷಧಿಗಳ ಅಡ್ಡ ಪರಿಣಾಮ ಇವೆಲ್ಲ ಮರೆಗುಳಿತನದಂತೆಯೇ ಕಾಣಿಸಬಲ್ಲವು ಮತ್ತು ಇವುಗಳಿಗೆ ಚಿಕಿತ್ಸೆ ಇದೆ. ನಿನ್ನೆಯವರೆಗೆ ಸರಿಯಿದ್ದವರು ಇಂದು ಒಮ್ಮೆಲೇ ಗೊಂದಲಕ್ಕೆ ಬಿದ್ದರೆ ಅದು ಡಿಮೆನ್ಶಿಯಾ ಹೆಚ್ಚಾದದ್ದು ಎಂದು ತಿಳಿಯಬಾರದು. ಮೂತ್ರದ ಸೋಂಕು, ರಕ್ತದಲ್ಲಿ ಉಪ್ಪಿನಂಶದ ಇಳಿತ, ಮಲಬದ್ಧತೆ, ಹೊಸ ಮಾತ್ರೆ ಇವುಗಳಲ್ಲಿ ಯಾವುದಾದರೂ ಕಾರಣವಿರಬಹುದಾದ್ದರಿಂದ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು.

ಇಲ್ಲಿ ನಮ್ಮ ಜಿಲ್ಲೆಗೇ ಸೇರಿದ ಒಂದು ತೊಡಕಿದೆ. ಜ್ಞಾಪಕಶಕ್ತಿಯ ಪರೀಕ್ಷೆ ನಡೆಯುವುದು ಮಾತಿನ ಮೂಲಕ. ಮನೆಯಲ್ಲಿ ತುಳು ಅಥವಾ ಹವ್ಯಕ ಮಾತು, ಶಾಲೆಯಲ್ಲಿ ಕಲಿತದ್ದು ಕನ್ನಡ, ಪೇಟೆಯಲ್ಲಿ ಮಲಯಾಳ ಎಂದು ಬದುಕಿದ ಅಜ್ಜಿಯೊಬ್ಬರನ್ನು ಮಲಯಾಳದಲ್ಲಿ ಪ್ರಶ್ನಿಸಿ ಅಂಕ ಕೊಟ್ಟರೆ ಆ ಅಂಕ ಕಾಯಿಲೆಯದೋ ಭಾಷೆಯದೋ ಎಂದು ಹೇಳಲಾಗದು. ‘ಇದು ಯಾವ ತಿಂಗಳು’ ಎಂದಾಗ ಅವರು ತುಳು ತಿಂಗಳ ಹೆಸರಾದ ‘ಆಟಿ’ ಎಂದರೆ ಅದು ಸರಿಯಾದ ಉತ್ತರ, ಜುಲೈ ಎನ್ನಲಿಲ್ಲವೆಂದು ಅಂಕ ಕಳೆಯುವಂತಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಹಲವು ಸಂಸ್ಥೆಗಳ ಜೊತೆಗೂಡಿ ಕನ್ನಡ, ಮಲಯಾಳ ಸೇರಿದಂತೆ ಕೆಲವು ಭಾರತೀಯ ಭಾಷೆಗಳಲ್ಲಿ ಇಂಥ ಪರೀಕ್ಷೆಗಳನ್ನು ಸಿದ್ಧಪಡಿಸಿದೆ. ಆದ್ದರಿಂದ ಮಂಗಳೂರಿಗೆ ಹೋದರೂ ಕಾಞಂಗಾಡಿಗೆ ಹೋದರೂ, ಹಿರಿಯರು ಯಾವ ಭಾಷೆಯಲ್ಲಿ ಓದು ಬರಹ ಕಲಿತರು, ಯಾವ ಭಾಷೆಯಲ್ಲಿ ಯೋಚಿಸುತ್ತಾರೆ ಎಂಬುದನ್ನು ಮೊದಲೇ ಹೇಳಿ, ಆ ಭಾಷೆಯಲ್ಲಿಯೇ ಪರೀಕ್ಷೆ ಮಾಡುವಂತೆ ಕೇಳಿಕೊಳ್ಳುವುದು ಮನೆಯವರ ಹಕ್ಕು.

ಕಾಯಿಲೆ ಮುಂದುವರಿದಂತೆ, ಬಹುಭಾಷಿಕರಲ್ಲಿ ಅನೇಕರು ನಂತರ ಕಲಿತ ಮಾತನ್ನು ಮೊದಲು ಕಳೆದುಕೊಂಡು ಬಾಲ್ಯದ ಮಾತಿಗೆ ಹಿಂದಿರುಗುತ್ತಾರೆ. ಹೋಂ ನರ್ಸ್ ಎಂದು ನಾವು ನೇಮಿಸಿಕೊಳ್ಳುವವರು ಸಾಮಾನ್ಯವಾಗಿ ಮಲಯಾಳ ಮಾತ್ರ ಬಲ್ಲವರು. ‘ಬಡವು’ ಎಂದರೆ ಹಸಿವು, ‘ಬೇನೆ’ ಎಂದರೆ ನೋವು ಎಂದು ಗೊತ್ತಿಲ್ಲದವರ ಕೈಯಲ್ಲಿ ತುಳು ಅಜ್ಜಿಯೊಬ್ಬರು ಹಸಿದು ಕೂಗಿದರೂ ಅದು ‘ಹಟ’ ಎಂದೇ ದಾಖಲಾಗುತ್ತದೆ. ದಿನಕ್ಕೆ ಬೇಕಾಗುವ ಮೂವತ್ತು ನಲವತ್ತು ಪದಗಳನ್ನು ಮಲಯಾಳ ಲಿಪಿಯಲ್ಲಿ ಬರೆದು ಗೋಡೆಗೆ ಅಂಟಿಸುವುದು ಅರ್ಧ ಗಂಟೆಯ ಕೆಲಸ. ಅಂದಹಾಗೆ ಹಲವು ಭಾಷೆಗಳನ್ನಾಡುವುದು ನಮಗೆ ಬರೀ ತೊಡಕಾಗಿಯೇ ಉಳಿದಿಲ್ಲ: ಹೈದರಾಬಾದಿನಲ್ಲಿ ನರರೋಗ ತಜ್ಞೆ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ರೋಗಿಗಳನ್ನು ಅಭ್ಯಸಿಸಿ 2013 ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರಲ್ಲಿ ಡಿಮೆನ್ಶಿಯಾ ಕಾಣಿಸಿಕೊಂಡದ್ದು ಏಕಭಾಷಿಕರಿಗಿಂತ ಸುಮಾರು ನಾಲ್ಕೂವರೆ ವರ್ಷ ತಡವಾಗಿ.

ಮನೆಯೊಳಗಿನ ದಿನಚರಿಯ ವಿಷಯಕ್ಕೆ ಬಂದರೆ, ನಡವಳಿಕೆಯ ಹಿಂದಿನ ಕಾರಣವನ್ನು ತಿಳಿದವರಿಗೆ ಸಿಟ್ಟು ಕಡಿಮೆಯಾಗುತ್ತದೆ ಎಂಬುದು ನಾನು ಕಂಡ ಮನೆಗಳ ಮಟ್ಟಿಗೆ ನಿಜ. ಅಲ್ಜೈಮರ್ ಕಾಯಿಲೆಯು ಮಿದುಳಿನಲ್ಲಿ ಹೊಸ ನೆನಪುಗಳನ್ನು ಕೂಡಿಡುವ ಭಾಗವನ್ನು ಮೊದಲು ಹಿಡಿಯುತ್ತದೆ. ಆದಕಾರಣ ಐವತ್ತು ವರ್ಷದ ಹಿಂದಿನ ಮದುವೆಯ ಊಟ ನೆನಪಿರುತ್ತದೆ, ಬೆಳಿಗ್ಗೆಯ ಕಾಫಿ ನೆನಪಿರುವುದಿಲ್ಲ. ಬಳೆಯನ್ನು ಅಕ್ಕಿಯ ಡಬ್ಬಿಯಲ್ಲಿ ಬಚ್ಚಿಟ್ಟದ್ದು ಮನಸ್ಸಿನಲ್ಲಿ ದಾಖಲಾಗಿಯೇ ಇಲ್ಲವಾದರೆ, ಬಳೆ ಕಾಣೆಯಾದದ್ದಕ್ಕೆ ಮಿದುಳು ಕೊಡಬಲ್ಲ ಒಂದೇ ವಿವರಣೆ ‘ಯಾರೋ ಕದ್ದರು’ ಎಂಬುದು, ಮತ್ತು ಆ ‘ಯಾರೋ’ ಸದಾ ಹತ್ತಿರವಿರುವ ಸೊಸೆಯೇ ಆಗುತ್ತಾಳೆ. ಸಾಕ್ಷಿ ತೋರಿಸಿ ವಾದಿಸುವುದರಿಂದ ಪ್ರಯೋಜನವಿಲ್ಲ, ಏಕೆಂದರೆ ವಾದದ ವಿಷಯ ಮರೆತರೂ ಅದರಿಂದಾದ ನೋವಿನ ಭಾವ ಗಂಟೆಗಟ್ಟಲೆ ಉಳಿಯುತ್ತದೆ. ‘ಬನ್ನಿ ಅತ್ತೆ, ಇಬ್ಬರೂ ಹುಡುಕುವಾ’ ಎಂದು ಜೊತೆಗೂಡುವುದೇ ಲೇಸು.

ಸಂಜೆ ಕತ್ತಲಾಗುವ ಹೊತ್ತಿಗೆ ಕಳವಳ ಹೆಚ್ಚುವುದು ಈ ಕಾಯಿಲೆಯಲ್ಲಿ ಸಾಮಾನ್ಯ. ‘ನನಗೆ ಮನೆಗೆ ಹೋಗಬೇಕು’ ಎಂದು ಅರುವತ್ತು ವರ್ಷ ಅದೇ ಮನೆಯಲ್ಲಿ ಬಾಳಿದ ತಾಯಿ ಸೀರೆಯ ಗಂಟು ಕಟ್ಟಿಕೊಂಡು ಹೊರಡುತ್ತಾರೆ. ಅವರು ಹೇಳುತ್ತಿರುವ ಮನೆ ಹಲವು ಸಲ ವಿಟ್ಲದ ಆಚೆಗೋ ಪೈವಳಿಕೆಯಲ್ಲೋ ಇದ್ದ, ಈಗ ಯಾರೂ ಇಲ್ಲದ ತವರು. ‘ಇದೇ ನಿಮ್ಮ ಮನೆ’ ಎಂದು ತಿದ್ದುವ ಬದಲು ‘ಆಗಲಿ, ಕಾಫಿ ಕುಡಿದು ಹೋಗೋಣ, ಅಲ್ಲಿ ಯಾರೆಲ್ಲ ಇದ್ದಾರೆ ಹೇಳಿ’ ಎಂದು ಕೂರಿಸಿ, ದೀಪಗಳನ್ನು ಬೇಗನೆ ಹಚ್ಚಿ, ಟಿವಿಯ ಗದ್ದಲ ಕಡಿಮೆ ಮಾಡಿ, ಹೂ ಕಟ್ಟುವುದೋ ಅಡಿಕೆ ಹೆಕ್ಕುವುದೋ ಕೈಗೆ ರೂಢಿಯಿರುವ ಒಂದು ಕೆಲಸ ಕೊಟ್ಟರೆ ಹೊತ್ತು ಕಳೆಯುತ್ತದೆ. ಇದು ಸುಳ್ಳು ಹೇಳಿದಂತಾಗದೇ ಎಂದು ಕೆಲವರು ಅಳುಕುತ್ತಾರೆ. ಹಿರಿಯರ ಭಯಕ್ಕೆ ಉತ್ತರ ಕೊಡುವುದು ಸುಳ್ಳಲ್ಲ ಎಂದೇ ನನ್ನ ಅಭಿಪ್ರಾಯ.

ಪಟ್ಟಣದ ಫ್ಲ್ಯಾಟುಗಳಿಗಾಗಿ ಬರೆದ ಸುರಕ್ಷತೆಯ ಸಲಹೆಗಳು ನಮ್ಮ ತೋಟದ ಮನೆಗಳಿಗೆ ಸಾಲುವುದಿಲ್ಲ. ಬೇಲಿಯಿಲ್ಲದ ಕೆರೆ, ತಗ್ಗಾದ ಬಾವಿಕಟ್ಟೆ, ಅಡಿಕೆ ಮರದ ಸಂಕ, ಮಳೆಗಾಲದಲ್ಲಿ ಪಾಚಿ ಹಿಡಿದ ಅಂಗಳ, ಮನೆಯಿಂದ ಬೇರೆಯಾಗಿರುವ ಕತ್ತಲೆಯ ಬಚ್ಚಲು, ಅದರಲ್ಲಿ ಹಂಡೆಯ ಕುದಿನೀರು ಇವು ನಮ್ಮ ಅಪಾಯಗಳು. ಕೆರೆಗೂ ಬಾವಿಗೂ ಬೇಲಿ ಹಾಕಿಸುವುದು ಮೊದಲ ಖರ್ಚಾಗಬೇಕು. ಔಷಧ ಸಿಂಪಡಣೆಗೆ ತಂದ ಮೈಲುತುತ್ತನ್ನೂ ಕತ್ತಿಗಳನ್ನೂ ಬೀಗದೊಳಗೆ ಇಡಬೇಕು. ಸ್ನಾನಕ್ಕೆ ಒಪ್ಪದಿರುವುದು ಬಹುಮಟ್ಟಿಗೆ ಭಯದಿಂದ; ತಲೆಯ ಮೇಲೆ ನೀರು ಸುರಿಯುವ ಬದಲು ಕುಳ್ಳಿರಿಸಿ, ಬಿಸಿ ಎಷ್ಟಿದೆಯೆಂದು ನಾವೇ ಮುಟ್ಟಿ ನೋಡಿ, ಕಾಲಿನಿಂದ ಆರಂಭಿಸಿದರೆ ವಿರೋಧ ಕಡಿಮೆಯಾಗುತ್ತದೆ. ದಿನಾಲೂ ಮೀಯಲೇಬೇಕೆಂಬ ಹಟವನ್ನು ಮನೆಯವರು ಬಿಡಬೇಕಾಗುತ್ತದೆ, ಮಡಿಯ ಮನೆಗಳಲ್ಲಿ ಇದು ಹೇಳುವಷ್ಟು ಸುಲಭವಲ್ಲವಾದರೂ.

ದಾರಿ ತಪ್ಪಿ ಹೋಗುವ ಭಯವಿದ್ದರೆ ಉಡುಪಿನ ಒಳಬದಿಯಲ್ಲಿ ಫೋನ್ ನಂಬರನ್ನು ಕನ್ನಡ, ಮಲಯಾಳ ಎರಡರಲ್ಲೂ ಹೊಲಿದಿರಬೇಕು, ಇತ್ತೀಚಿನ ಒಂದು ಫೋಟೋ ಕೈಗೆ ಸಿಗುವಂತಿರಬೇಕು. ನಮ್ಮಲ್ಲಿ ಬಸ್ಸು ಹತ್ತಿದವರು ಗಂಟೆಯೊಳಗೆ ತಲಪಾಡಿ ದಾಟಿ ಬೇರೆ ರಾಜ್ಯದಲ್ಲಿರುತ್ತಾರೆ. ಕಾಣೆಯಾದವರ ದೂರು ಕೊಡಲು 24 ಗಂಟೆ ಕಾಯಬೇಕೆಂಬ ನಿಯಮ ಎಲ್ಲಿಯೂ ಇಲ್ಲ. ತುರ್ತು ಸಂಖ್ಯೆ 112 ಕ್ಕೆ ಕರೆ ಮಾಡಿ, ಗಡಿಯ ಆಚೆಯ ಠಾಣೆಗೂ ಮಾಹಿತಿ ಕೊಡುವಂತೆ ಕೂಡಲೇ ಹೇಳಬೇಕು.

ರಾತ್ರಿಯಿಡೀ ಎಚ್ಚರವಿರುವವರಿಗೆ ನಿದ್ರೆಯ ಮಾತ್ರೆ ಕೊಡಿಸುವ ಆಸೆ ಸಹಜ. ಆದರೆ ಅಂಥ ಮಾತ್ರೆಗಳಿಂದ ಬೀಳುವ ಅಪಾಯ ಹೆಚ್ಚು; ಉದ್ರೇಕವನ್ನು ತಗ್ಗಿಸುವ ಕೆಲವು ಔಷಧಿಗಳು ಪಾರ್ಶ್ವವಾಯುವಿನ ಸಾಧ್ಯತೆಯನ್ನು ಹೆಚ್ಚಿಸುತ್ತವೆ, ಇಲ್ಲದ ಮನುಷ್ಯರನ್ನೂ ಮಕ್ಕಳನ್ನೂ ಕಾಣುವ ಲ್ಯೂಯಿ ಬಾಡಿ ಎಂಬ ಬಗೆಯಲ್ಲಂತೂ ಅವು ತೀವ್ರ ಹಾನಿ ಮಾಡಬಲ್ಲವು. ನೆರೆಮನೆಯವರಿಗೆ ಹಿಡಿಸಿದ ಮಾತ್ರೆಯನ್ನು ಚೀಟಿಯಿಲ್ಲದೆ ತರಿಸುವಂತಿಲ್ಲ.

ಇನ್ನು ಕಾಗದಪತ್ರ. ಹೆಚ್ಚಿನ ಮನೆಗಳು ಎಡವುವುದು ಇಲ್ಲಿಯೇ ಆದ್ದರಿಂದ ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ. ಅಪ್ಪ ಅಧಿಕಾರಪತ್ರ, ಅಂದರೆ ಪವರ್ ಆಫ್ ಅಟಾರ್ನಿ, ಬರೆದುಕೊಟ್ಟಿದ್ದಾರೆ, ಇನ್ನು ಚಿಂತೆಯಿಲ್ಲ ಎಂದು ಮಕ್ಕಳು ತಿಳಿದಿರುತ್ತಾರೆ. 1872 ರ ಭಾರತೀಯ ಕರಾರು ಕಾಯಿದೆಯ 201 ನೆಯ ವಿಧಿಯ ಪ್ರಕಾರ, ಬರೆದುಕೊಟ್ಟವರ ಬುದ್ಧಿ ಸ್ಥಿಮಿತ ಕಳೆದುಕೊಂಡಾಗ ಆ ಅಧಿಕಾರ ಕೊನೆಗೊಳ್ಳುತ್ತದೆ. ಯಾವಾಗ ಅದು ಬೇಕಾಗುತ್ತದೆಯೋ ಆಗಲೇ ಅದು ಇಲ್ಲವಾಗುತ್ತದೆ. ಬುದ್ಧಿಮಾಂದ್ಯತೆ, ಆಟಿಸಂ ಮುಂತಾದವುಗಳಿರುವವರಿಗೆ ಜಿಲ್ಲಾ ಮಟ್ಟದಲ್ಲಿಯೇ ಪಾಲಕರನ್ನು ನೇಮಿಸಲು ಅವಕಾಶ ಕೊಡುವ 1999 ರ ನ್ಯಾಷನಲ್ ಟ್ರಸ್ಟ್ ಕಾಯಿದೆಯ ಪಟ್ಟಿಯಲ್ಲಿ ಡಿಮೆನ್ಶಿಯಾ ಇಲ್ಲ. ಹೀಗಾಗಿ ಕಾಯಿಲೆ ಬಲಿತ ಮೇಲೆ ಜಮೀನು ಮಾರುವುದಕ್ಕೋ ಠೇವಣಿ ಬಿಡಿಸುವುದಕ್ಕೋ ನ್ಯಾಯಾಲಯದ ಆದೇಶ ಬೇಕಾಗಿ ಬರುತ್ತದೆ, ಅದು ಸಮಯವನ್ನೂ ಹಣವನ್ನೂ ತಿನ್ನುತ್ತದೆ.

ಆದ್ದರಿಂದ ರೋಗ ಗೊತ್ತಾದ ಮೊದಲ ತಿಂಗಳುಗಳಲ್ಲಿ ಮಾಡಬೇಕಾದವು ಇಷ್ಟು: ನಿತ್ಯದ ಖರ್ಚಿನ ಬ್ಯಾಂಕ್ ಖಾತೆಯನ್ನು ಇಬ್ಬರಲ್ಲಿ ಯಾರು ಬೇಕಾದರೂ ನಡೆಸಬಹುದಾದ ಜಂಟಿ ಖಾತೆಯಾಗಿ ಬದಲಿಸುವುದು, ಎಲ್ಲ ಖಾತೆಗಳಿಗೂ ನಾಮಿನಿ ಹೆಸರು ಬರೆಸುವುದು, ಹಿರಿಯರು ಬಯಸಿದರೆ ಇಬ್ಬರು ಸಾಕ್ಷಿಗಳ ಎದುರು ಉಯಿಲು ಬರೆಸುವುದು. ಡಿಮೆನ್ಶಿಯಾ ಎಂದ ಮಾತ್ರಕ್ಕೆ ಉಯಿಲು ಬರೆಯುವ ಹಕ್ಕು ಹೋಗುವುದಿಲ್ಲ, ಬರೆಯುವ ಹೊತ್ತಿನಲ್ಲಿ ಅದರ ಅರ್ಥ ತಿಳಿದಿದ್ದರೆ ಸಾಕು. ಅಂದಿನ ದಿನಾಂಕದ ವೈದ್ಯರ ಪ್ರಮಾಣಪತ್ರ ಜೊತೆಗಿದ್ದರೆ ಮುಂದಿನ ಜಗಳಗಳು ಕಡಿಮೆ. 2017 ರ ಮಾನಸಿಕ ಆರೋಗ್ಯ ಕಾಯಿದೆಯಡಿ, ಮುಂದೆ ತನಗೆ ಎಂಥ ಚಿಕಿತ್ಸೆ ಬೇಕು, ಬೇಡ ಎಂಬುದನ್ನೂ ತನ್ನ ಪರವಾಗಿ ಮಾತನಾಡುವವರು ಯಾರು ಎಂಬುದನ್ನೂ ವ್ಯಕ್ತಿ ಮೊದಲೇ ಬರೆದಿಡಬಹುದು. ಇವನ್ನೆಲ್ಲ ಹಿರಿಯರನ್ನು ಬದಿಗಿಟ್ಟು ಮಾಡಬಾರದು. ಅವರ ಎದುರಿಗೆ, ಅವರ ಬಾಯಿಂದಲೇ ಬರುವ ಹಾಗೆ ಮಾಡಬೇಕು. ಅದಾಗದೆ ಆಸ್ತಿಯ ಆಸೆಗೆ ಆರೈಕೆಯನ್ನೇ ಕೈಬಿಟ್ಟ ಮನೆಗಳಿಗೆ 2007 ರ ಹೆತ್ತವರ ಹಾಗೂ ಹಿರಿಯ ನಾಗರಿಕರ ಪೋಷಣೆ ಕಾಯಿದೆ ಇದೆ, ಅದರ ದೂರನ್ನು ಆರ್‌ಡಿಒ (ಕಂದಾಯ ವಿಭಾಗಾಧಿಕಾರಿಯ) ಕಚೇರಿಯ ನ್ಯಾಯಮಂಡಳಿಯಲ್ಲಿ ಕೊಡಬಹುದು.

ಪಂಚಾಯತಿನಿಂದ ಸಿಗುವ ನೆರವಿನಲ್ಲಿ ಬೆಲೆಬಾಳುವುದು ಹಣವಲ್ಲ, ಪಾಲಿಯೇಟಿವ್ ನರ್ಸ್, ಅಂದರೆ ಗುಣವಾಗದ ಕಾಯಿಲೆಯವರ ನೋವು, ಕಷ್ಟಗಳನ್ನು ಹಗುರಗೊಳಿಸಲು ಮನೆಗೆ ಬರುವ ನರ್ಸ್. ಕೇರಳವು 2008 ರಲ್ಲಿ ಪಾಲಿಯೇಟಿವ್ ಆರೈಕೆಯ ನೀತಿಯನ್ನು ಹೊರಡಿಸಿದ ಬಳಿಕ ಸ್ಥಳೀಯ ಸಂಸ್ಥೆಗಳ ಮೂಲಕ ಮನೆಬಾಗಿಲಿಗೆ ಬರುವ ಈ ಸೇವೆ ಬೆಳೆಯಿತು. ಇದು ಕ್ಯಾನ್ಸರಿನವರಿಗೆ ಮಾತ್ರ ಎಂಬ ತಪ್ಪು ತಿಳಿವಳಿಕೆ ಇನ್ನೂ ಇದೆ. ಹಾಸಿಗೆ ಹಿಡಿದ ಯಾವ ರೋಗಿಯಾದರೂ ಆಶಾ ಕಾರ್ಯಕರ್ತೆಯ ಅಥವಾ ವಾರ್ಡ್ ಸದಸ್ಯರ ಮೂಲಕ ಊರಿನ ಆರೋಗ್ಯ ಕೇಂದ್ರದಲ್ಲಿ ಹೆಸರು ನೋಂದಾಯಿಸಬಹುದು. ಮೂತ್ರದ ಕೊಳವೆ ಬದಲಾಯಿಸುವುದು, ಹಾಸಿಗೆ ಹುಣ್ಣಿಗೆ ಡ್ರೆಸ್ಸಿಂಗ್, ಮಗ್ಗುಲು ಬದಲಿಸುವ ವಿಧಾನವನ್ನು ಮನೆಯವರಿಗೆ ಕಲಿಸಿಕೊಡುವುದು ಇವು ನರ್ಸ್ ಮಾಡುವ ಕೆಲಸ. ಗಾಳಿ ತುಂಬಿದ ಹಾಸಿಗೆ, ವೀಲ್‌ಚೇರ್ ಮುಂತಾದವನ್ನು ಎರವಲು ಕೊಡುವ ಘಟಕಗಳೂ ಇವೆ. ಹಾಸಿಗೆ ಹಿಡಿಯುವವರೆಗೆ ಕಾಯದೆ, ನಡೆದಾಡುವಾಗಲೇ ನರ್ಸನ್ನು ಪರಿಚಯ ಮಾಡಿಕೊಂಡಿರುವುದು ಜಾಣತನ.

ಹಣದ ನೆರವು ಹೇಳುವಷ್ಟಿಲ್ಲ. ಹಾಸಿಗೆ ಹಿಡಿದವರನ್ನು ದಿನವಿಡೀ ನೋಡಿಕೊಳ್ಳಬೇಕಾಗಿ ಕೆಲಸಕ್ಕೆ ಹೋಗಲಾಗದವರಿಗೆ ಕೇರಳ ಸಾಮಾಜಿಕ ಸುರಕ್ಷಾ ಮಿಷನ್ ‘ಆಶ್ವಾಸಕಿರಣಂ’ ಎಂಬ ಯೋಜನೆಯಡಿ ತಿಂಗಳಿಗೆ 600 ರೂಪಾಯಿ ಕೊಡುತ್ತದೆ. ಆದಾಯದ ಮಿತಿ ಇದೆ, ಅರ್ಜಿ ಅಂಗನವಾಡಿಯ ಮೂಲಕ ಹೋಗುತ್ತದೆ, ವೈದ್ಯರ ಪ್ರಮಾಣಪತ್ರ ಬೇಕು, ಹಣ ತಿಂಗಳುಗಟ್ಟಲೆ ಬಾಕಿಯಾಗುವುದೂ ಉಂಟು. ದಿನಕ್ಕೆ ಎರಡು ಡೈಪರ್ ಬಳಸುವ ಮನೆಗೆ ಈ ಮೊತ್ತ ಅರ್ಧ ತಿಂಗಳಿಗೂ ಸಾಲುವುದು ಕಷ್ಟ, ಆದರೂ ಬಿಡಬೇಕಾಗಿಲ್ಲ. ಅದೇ ಮಿಷನ್ನಿನ ‘ವಯೋಮಿತ್ರಂ’ ಯೋಜನೆ 65 ದಾಟಿದವರಿಗೆ ಉಚಿತ ಔಷಧ, ಸಂಚಾರಿ ಚಿಕಿತ್ಸಾಲಯ ಒದಗಿಸುತ್ತದೆ. ಅದು ಇರುವುದು ನಗರಸಭೆಗಳ ಮಟ್ಟದಲ್ಲಿ, ಅಂದರೆ ಜಿಲ್ಲೆಯಲ್ಲಿ ಕಾಸರಗೋಡು, ಕಾಞಂಗಾಡು, ನೀಲೇಶ್ವರಗಳಿಗೆ. ಎಣ್ಮಕಜೆಯವರಿಗೂ ಬೆಳ್ಳೂರಿನವರಿಗೂ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಪಿಂಚಣಿಯ ವಾರ್ಷಿಕ ಮಸ್ಟರಿಂಗಿಗೆ, ಅಂದರೆ ಪಿಂಚಣಿದಾರರು ಬದುಕಿದ್ದಾರೆಂದು ಖಚಿತಪಡಿಸುವುದಕ್ಕೆ, ಹಾಸಿಗೆ ಹಿಡಿದವರನ್ನು ಸರಕಾರಿ ಸೇವೆಗಳ ಅಕ್ಷಯ ಕೇಂದ್ರಕ್ಕೆ ಹೊತ್ತೊಯ್ಯಬೇಕಾಗಿಲ್ಲ, ಮೊದಲೇ ತಿಳಿಸಿದರೆ ಕೇಂದ್ರದವರೇ ಮನೆಗೆ ಬರುತ್ತಾರೆ. ಅರ್ಜಿ ನಮೂನೆಗಳು ಮಲಯಾಳದಲ್ಲಿ ಮಾತ್ರ ಇವೆ ಎಂದು ಹಿಂದೆ ಸರಿಯುವವರು ನೆನಪಿಡಬೇಕಾದ ಮಾತೊಂದಿದೆ: ಭಾಷಾ ಅಲ್ಪಸಂಖ್ಯಾತ ಪ್ರದೇಶಗಳಲ್ಲಿ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕನ್ನು 1969 ರ ಕೇರಳ ಅಧಿಕೃತ ಭಾಷಾ ಕಾಯಿದೆಯೇ ಕೊಟ್ಟಿದೆ.

ಫೋನಿನಲ್ಲಿ ಸಿಗುವ ನೆರವೂ ಇದೆ. ಹಿರಿಯ ನಾಗರಿಕರ ಸಹಾಯವಾಣಿ 14567. ಮನಸ್ಸಿನ ತೊಳಲಾಟಕ್ಕೆ 2022 ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರಕಾರಿ ಸಹಾಯವಾಣಿ, ಸಂಖ್ಯೆ 14416. ಇಲ್ಲಿ ಭಾಷೆಯನ್ನು ಆರಿಸಿಕೊಳ್ಳಬಹುದು, ಮತ್ತು ಕರೆ ಮಾಡಬೇಕಾದವರು ರೋಗಿಯಲ್ಲ, ನೋಡಿಕೊಳ್ಳುವವರು. ಈ ಕಾಯಿಲೆಗಾಗಿಯೇ ದೇಶದಲ್ಲಿ ಕೆಲಸ ಮಾಡುತ್ತಿರುವ ಎಆರ್‌ಡಿಎಸ್‌ಐ (ಅಲ್ಜೈಮರ್ಸ್ ಅಂಡ್ ರಿಲೇಟೆಡ್ ಡಿಸಾರ್ಡರ್ಸ್ ಸೊಸೈಟಿ ಆಫ್ ಇಂಡಿಯಾ) ಸಂಸ್ಥೆ 1992 ರಲ್ಲಿ ಕೇರಳದಲ್ಲಿಯೇ ಹುಟ್ಟಿದ್ದು.

ನೋಡಿಕೊಳ್ಳುವವರು ಎನ್ನುವಾಗ ಅದು ಬಹುಪಾಲು ಹೆಂಗಸರು ಎಂಬುದನ್ನು ಮರೆಯಬಾರದು. ಡಿಮೆನ್ಶಿಯಾ ಇರುವವರ ಆರೈಕೆಗೆ ಸಲ್ಲುವ ಹೊತ್ತಿನಲ್ಲಿ ಶೇಕಡಾ 70 ನ್ನು ಮಹಿಳೆಯರೇ ಕೊಡುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗಂಡುಮಕ್ಕಳು ಬೆಂಗಳೂರಿನಲ್ಲೋ ಕೊಲ್ಲಿಯಲ್ಲೋ ಇದ್ದು ತಿಂಗಳಿಗೊಮ್ಮೆ ಹಣ ಕಳಿಸುತ್ತಾರೆ, ಊರಿನ ಸೊಸೆಗೆ ಅಥವಾ ಮದುವೆಯಾಗದ ಮಗಳಿಗೆ ವರ್ಷಗಟ್ಟಲೆ ಒಂದು ಪೂರ್ತಿ ರಾತ್ರಿಯ ನಿದ್ರೆ ಇರುವುದಿಲ್ಲ. ಹಣ ಕಳಿಸಿದರೆ ಹೊರೆ ಹಂಚಿಕೊಂಡಂತಾಗದು. ದೂರದಲ್ಲಿರುವವರು ಮಾಡಬಹುದಾದ ಕೆಲಸ ಬೇಕಾದಷ್ಟಿದೆ: ಔಷಧ ತೀರುವ ಮೊದಲೇ ತರಿಸುವುದು, ಬ್ಯಾಂಕು ಮತ್ತು ಪಿಂಚಣಿಯ ಲೆಕ್ಕ, ವೈದ್ಯರ ಭೇಟಿಗೆ ಸಮಯ ಗೊತ್ತುಮಾಡುವುದು, ದಿನಾ ಸಂಜೆ ಆರಕ್ಕೆ ವೀಡಿಯೋ ಕರೆ ಮಾಡಿ ಅರ್ಧ ಗಂಟೆ ಅಮ್ಮನನ್ನು ಮಾತಿನಲ್ಲಿ ಹಿಡಿದಿಡುವುದು, ವರ್ಷಕ್ಕೆ ಎರಡು ಸಲ ರಜೆ ಹಾಕಿ ಬಂದು ಹತ್ತು ದಿನ ಆರೈಕೆಯನ್ನು ಪೂರ್ತಿಯಾಗಿ ವಹಿಸಿಕೊಳ್ಳುವುದು. ಆ ಹತ್ತು ದಿನ ಸೊಸೆ ತನ್ನ ತವರಿಗೆ ಹೋಗಬೇಕು, ಅಡುಗೆಮನೆಯಲ್ಲಿ ಉಳಿಯಬಾರದು. ಯಾರು, ಯಾವ ವಾರ, ಯಾವ ಹೊತ್ತು ಎಂಬುದನ್ನು ಅದೇ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಬರೆದು ಎಲ್ಲರಿಗೂ ವಾಟ್ಸಾಪಿನಲ್ಲಿ ಕಳಿಸಿದರೆ ಮುಲಾಜಿನ ಮಾತು ತಪ್ಪುತ್ತದೆ.

ಕೊನೆಯ ಹಂತದಲ್ಲಿ ಮಾತು ನಿಲ್ಲುತ್ತದೆ, ನಡಿಗೆ ನಿಲ್ಲುತ್ತದೆ, ನುಂಗುವುದು ಕಷ್ಟವಾಗುತ್ತದೆ. ಈ ಹಂತದಲ್ಲಿ ಬಹಳ ಮಂದಿಯನ್ನು ಕಾಡುವುದು ಆಹಾರ ಶ್ವಾಸಕೋಶಕ್ಕೆ ಇಳಿದು ಬರುವ ನ್ಯುಮೋನಿಯಾ. ನೀರಾದದ್ದನ್ನು ನುಂಗುವುದು ಸುಲಭವೆಂದು ನಾವು ಗಂಜಿಯ ತಿಳಿ ಕುಡಿಸುತ್ತೇವೆ, ನಿಜಕ್ಕೂ ತೆಳ್ಳಗಿನದೇ ಬೇಗ ಅಡ್ಡದಾರಿ ಹಿಡಿಯುತ್ತದೆ. ಚೆನ್ನಾಗಿ ಅರೆದ ಗಂಜಿ, ರಾಗಿ ಮಣ್ಣಿಯಂತಹ ದಪ್ಪನೆಯದು ಹೆಚ್ಚು ಸುರಕ್ಷಿತ. ನೇರವಾಗಿ ಕೂರಿಸಿ, ಸಣ್ಣ ಚಮಚದಲ್ಲಿ, ಒಂದು ತುತ್ತು ಇಳಿದ ಮೇಲೆ ಇನ್ನೊಂದು ಕೊಡಬೇಕು, ಊಟದ ನಂತರ ಅರ್ಧ ಗಂಟೆ ಮಲಗಿಸಬಾರದು. ಎಲೆಯಡಿಕೆಯ ಚಟವಿದ್ದವರು ಬಾಯಾಡಿಸುತ್ತಾರೆಂದು ಅಡಿಕೆಯ ಹೋಳು ಕೊಡುವುದು ಈಗ ಅಪಾಯ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು.

ಮೂಗಿನ ಮೂಲಕ ಕೊಳವೆ ಹಾಕಿ ಆಹಾರ ಕೊಡುವ ಪ್ರಶ್ನೆ ಒಂದಲ್ಲ ಒಂದು ದಿನ ಬರುತ್ತದೆ. ಬಲಿತ ಡಿಮೆನ್ಶಿಯಾದಲ್ಲಿ ಕೊಳವೆಯಿಂದ ಆಯುಷ್ಯ ಹೆಚ್ಚುತ್ತದೆ ಅಥವಾ ನ್ಯುಮೋನಿಯಾ ತಪ್ಪುತ್ತದೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲ. ಅದನ್ನು ಕಿತ್ತುಕೊಳ್ಳದಂತೆ ಕೈಗಳನ್ನು ಕಟ್ಟುವ ಸ್ಥಿತಿಯೂ ಬರುತ್ತದೆ. ಅದಕ್ಕಾಗಿಯೇ ಜಗತ್ತಿನ ಹಲವು ವೈದ್ಯ ಸಂಘಗಳು ಎಷ್ಟು ಇಳಿಯುತ್ತದೋ ಅಷ್ಟನ್ನು ಕೈಯಿಂದಲೇ ತಿನ್ನಿಸುವುದನ್ನು ಸೂಚಿಸುತ್ತವೆ. ‘ಉಪವಾಸ ಕೆಡವಿದರು’ ಎಂಬ ನೆಂಟರ ಮಾತಿಗೆ ಹೆದರಿ ನಡುರಾತ್ರಿ ತುರ್ತು ವಿಭಾಗದ ಬಾಗಿಲಲ್ಲಿ ನಿಂತು ಇದನ್ನು ತೀರ್ಮಾನಿಸುವಂತಾಗಬಾರದು. ಪಾಲಿಯೇಟಿವ್ ನರ್ಸ್ ಮನೆಗೆ ಬರುವ ಒಂದು ದಿನ, ದೂರದ ಮಕ್ಕಳನ್ನು ಫೋನಿನಲ್ಲಿ ಸೇರಿಸಿಕೊಂಡು, ಆರಂಭದಲ್ಲಿ ಹಿರಿಯರೇ ಹೇಳಿ ಬರೆಸಿದ್ದ ಇಷ್ಟವನ್ನು ನೋಟ್‌ಬುಕ್ಕಿನಿಂದ ಓದಿ, ಎಲ್ಲರೂ ಒಪ್ಪಿದ್ದನ್ನು ದಿನಾಂಕ ಸಹಿತ ಅದರ ಕೆಳಗೆ ಬರೆದಿಡಬೇಕು.